ಆಟಗಾರನ ಹೆಸರು ಮತ್ತು ಲೀಗಿನ ಖಾತೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಅನೇಕ ಹಳ್ಳಿಗಳಲ್ಲಿ ಜಾತ್ರೆಯೆಂದರೆ ತೇರಿನೊಡನೆ ಜಂಗೀ ಕುಸ್ತಿಯೂ ಇರಬೇಕೆಂಬ ರೂಢಿ ಬಹುಕಾಲದಿಂದ ನಡೆದುಬಂದಿದೆ. ಹಲಿಗೆಯ ಸದ್ದಿನ ನಡುವೆ ಕೆಮ್ಮಣ್ಣಿನ ಕಣಕ್ಕಿಳಿದು ಗೆದ್ದವನಿಗೆ ಬೆಳ್ಳಿಯ ಕಡಗ, ಸೋತವನಿಗೆ ದಾರಿಖರ್ಚು. ಅಂಥ ಪೈಲ್ವಾನನ ಹೆಸರನ್ನು ಬೆಳಗಿಸಲು ಯಾವ ಪ್ರಚಾರ ವಿಭಾಗವೂ ಇರಲಿಲ್ಲ. ಕಣದಲ್ಲಿ ಅವನನ್ನು ನೋಡಿದ ಜನವೇ ಮುಂದಿನ ಸಂತೆಯಲ್ಲಿ ಅವನನ್ನು ನೋಡುತ್ತಿತ್ತು. ಅಂಗಡಿಯ ಉದ್ರಿ ತೀರಿಸುವನೋ ಇಲ್ಲವೋ, ವಸ್ತಾದನೆದುರು ತಲೆ ಬಾಗುವನೋ ಇಲ್ಲವೋ, ಹಣ ಪಡೆದು ತನ್ನ ಬೆನ್ನನ್ನು ತಾನೇ ಮಣ್ಣಿಗೆ ಹಚ್ಚುವವನೋ ಅಲ್ಲವೋ ಎಂಬುದು ಊರಿಗೆಲ್ಲ ತಿಳಿದಿರುತ್ತಿತ್ತು. ಹೆಸರು ಕೆಟ್ಟರೆ ಅದನ್ನು ಸರಿಪಡಿಸಿಕೊಳ್ಳುವ ಮಾರ್ಗವೂ ಒಂದೇ ಆಗಿತ್ತು: ನಡತೆಯನ್ನು ಸರಿಪಡಿಸಿಕೊಳ್ಳುವುದು.

ವೃತ್ತಿಪರ ಲೀಗುಗಳ ಕಾಲದಲ್ಲಿ ಈ ಸಂಬಂಧ ಪಲ್ಲಟವಾಗಿದೆ. ಆಟಗಾರನು ನೂರಾರು ಮೈಲಿಗಳಾಚೆ ಆಡುತ್ತಾನೆ. ನೋಡುವವನು ಸಿಂದಗಿಯ ಚಹಾದಂಗಡಿಯಲ್ಲಿ ಕುಳಿತಿರುತ್ತಾನೆ. ಇವರಿಬ್ಬರ ನಡುವೆ ಲೀಗು ನಿಂತಿದೆ. ಆಟಗಾರನ ಮುಖ, ಮಾತು, ಉಡುಪು, ಔದಾರ್ಯ ಇವೆಲ್ಲ ನೋಡುಗನನ್ನು ತಲುಪುವುದು ಲೀಗಿನ ಕೈಯಿಂದಲೇ. ಆದ್ದರಿಂದ ಲೀಗು ತನ್ನ ಆಟಗಾರರ ಸಾರ್ವಜನಿಕ ಬಿಂಬವನ್ನು ತಿದ್ದಲು, ತೊಳೆಯಲು, ಹೊಳಪುಗೊಳಿಸಲು ಹಣವನ್ನೂ ಶ್ರಮವನ್ನೂ ವ್ಯಯಿಸುತ್ತದೆ. ಇದನ್ನೆಲ್ಲ ಬೂಟಾಟಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಒಳ್ಳೆಯ ಹೆಸರನ್ನು ಬಯಸುವುದು ದೋಷವಲ್ಲ, ಪೇಟೆಯಲ್ಲಿ ಪತ್ತು ಉಳಿಸಿಕೊಳ್ಳಬಯಸದ ವ್ಯಾಪಾರಿಯೇ ಅಪಾಯಕಾರಿ. ವಿಚಾರ ಮಾಡಬೇಕಾದದ್ದು ಈ ಹೆಸರನ್ನು ಲೀಗುಗಳು ಯಾವ ಖಾತೆಯಲ್ಲಿ ಜಮಾ ಮಾಡಿಕೊಳ್ಳುತ್ತಿವೆ ಎಂಬುದನ್ನು.

ಲೆಕ್ಕಶಾಸ್ತ್ರದಲ್ಲಿ ಕೀರ್ತಿಮೌಲ್ಯಕ್ಕೆ, ಅಂದರೆ ಗುಡ್‌ವಿಲ್‌ಗೆ, ಒಂದು ವಿಚಿತ್ರವಾದ ನಿಯಮವುಂಟು. ಬೇರೊಬ್ಬನ ಅಂಗಡಿಯನ್ನು ಕೊಂಡಾಗ ಅದರ ಹೆಸರಿಗೆಂದು ತೆತ್ತ ಹಣವನ್ನು ಆಸ್ತಿಯೆಂದು ಬರೆಯಬಹುದು. ತಾನೇ ಬೆಳೆಸಿಕೊಂಡ ಹೆಸರನ್ನು ತನ್ನ ಪುಸ್ತಕದಲ್ಲಿ ತಾನೇ ಬೆಲೆಕಟ್ಟಿ ಬರೆದುಕೊಳ್ಳುವಂತಿಲ್ಲ. ನಿಯಮದ ಹಿಂದಿರುವ ವಿವೇಕ ಸ್ಪಷ್ಟವಾಗಿದೆ. ತನ್ನ ಹೆಸರಿಗೆ ತಾನೇ ಬೆಲೆಕಟ್ಟಲು ಹೊರಟವನಿಗೆ ಮಿತಿಯೆಂಬುದು ಇರುವುದಿಲ್ಲ.

ಈ ಜಿಲ್ಲೆಯ ಮಟ್ಟಿಗೆ ಅತಿ ಸಮೀಪದ ಉದಾಹರಣೆಯೆಂದರೆ ಕರ್ನಾಟಕ ಪ್ರೀಮಿಯರ್ ಲೀಗ್. 2009ರಲ್ಲಿ ಆರಂಭವಾದ ಈ ಕ್ರಿಕೆಟ್ ಲೀಗಿನಲ್ಲಿ ಮುಂದೆ ಬಿಜಾಪುರ ಬುಲ್ಸ್ ಎಂಬ ತಂಡವೂ ಸೇರಿತು. 2014ರ ನವೆಂಬರ್ 1ರಂದು ನಗರದ ಹೆಸರು ಅಧಿಕೃತವಾಗಿ ವಿಜಯಪುರವಾದರೂ ತಂಡ ಹಳೆಯ ಹೆಸರನ್ನೇ ಇಟ್ಟುಕೊಂಡಿತು, 2015ರಲ್ಲಿಯೂ 2018ರಲ್ಲಿಯೂ ಪ್ರಶಸ್ತಿಯನ್ನು ಗೆದ್ದಿತು. ಪಂದ್ಯಗಳು ಮಾತ್ರ ಮೈಸೂರು, ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ನಡೆದವು. ಮುದ್ದೇಬಿಹಾಳದ ಹುಡುಗನಿಗೆ ಆ ತಂಡ ತನ್ನದೆನ್ನಲು ಇದ್ದ ಆಧಾರ ಅಂಗಿಯ ಮೇಲಿನ ಅಕ್ಷರಗಳು ಮಾತ್ರ. ಇಂಡಿಯ ನಿಂಬೆಗೆ ದೊರೆತಿರುವ ಭೌಗೋಳಿಕ ಗುರುತನ್ನು ಇಲ್ಲಿ ನೆನೆಯಬಹುದು: ಆ ನೆಲದಲ್ಲಿ ಬೆಳೆದ ಕಾಯಿಗಲ್ಲದೆ ಬೇರೆ ಕಾಯಿಗೆ ಆ ಹೆಸರನ್ನು ಹಚ್ಚಿ ಮಾರುವಂತಿಲ್ಲ. ಕಾಯಿಗಿರುವ ಈ ರಕ್ಷಣೆ ಊರಿನ ಹೆಸರಿಗೆ ಇಲ್ಲ.

ಊರುಗಳ ಹೆಸರನ್ನು ಹೊತ್ತ ಈ ಲೀಗು ಬಿದ್ದದ್ದು 2019ರಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಬೆಳಗಾವಿ ತಂಡದ ಮಾಲೀಕನನ್ನೂ, ನವೆಂಬರಿನಲ್ಲಿ ಬಳ್ಳಾರಿ ತಂಡದ ಇಬ್ಬರು ಆಟಗಾರರನ್ನೂ ಬೆಂಗಳೂರಿನ ಪೊಲೀಸರು ಬಂಧಿಸಿದರು. ಹಣ ಪಡೆದು ನಿಧಾನವಾಗಿ ಬ್ಯಾಟು ಬೀಸಿದರೆಂಬುದು ಆಟಗಾರರ ಮೇಲಿನ ಆರೋಪ. ಪ್ರಕರಣ ಉಚ್ಚ ನ್ಯಾಯಾಲಯಕ್ಕೆ ಹೋಯಿತು. 2022ರ ಜನವರಿಯಲ್ಲಿ ನ್ಯಾಯಾಲಯವು ಅರ್ಜಿದಾರರ ಮೇಲಿನ ಮೊಕದ್ದಮೆಯನ್ನು ರದ್ದುಪಡಿಸಿತು. ಪಂದ್ಯದ ಮೋಸದಾಟದಿಂದ ಪ್ರೇಕ್ಷಕನಿಗೆ ತಾನು ವಂಚಿತನಾದೆನೆಂದು ಅನಿಸಬಹುದು; ಆದರೆ ಅವನು ಟಿಕೀಟನ್ನು ಸ್ವಇಚ್ಛೆಯಿಂದ ಕೊಂಡಿದ್ದಾನೆ, ಹಣ ಕೊಡುವಂತೆ ಅವನನ್ನು ಯಾರೂ ಪ್ರಚೋದಿಸಿಲ್ಲ; ಆದ್ದರಿಂದ ದಂಡಸಂಹಿತೆಯ 420ನೆಯ ಕಲಮಿನ ವಂಚನೆ ಇಲ್ಲಿ ಸಿದ್ಧವಾಗುವುದಿಲ್ಲ ಎಂಬುದು ತೀರ್ಪಿನ ಸಾರ. ಇಂಥ ಕೃತ್ಯ ಆಟಗಾರನ ಅಪ್ರಾಮಾಣಿಕತೆಯನ್ನೂ ಅಶಿಸ್ತನ್ನೂ ತೋರಿಸಬಹುದು, ಅದಕ್ಕೆ ಶಿಸ್ತುಕ್ರಮ ಕೈಕೊಳ್ಳುವ ಅಧಿಕಾರ ಕ್ರಿಕೆಟ್ ಮಂಡಳಿಯದು ಎಂದೂ ನ್ಯಾಯಾಲಯ ಹೇಳಿತು.

ಕಾನೂನಿನ ದೃಷ್ಟಿಯಿಂದ ಈ ತೀರ್ಪನ್ನು ಆಕ್ಷೇಪಿಸುವ ಕಾರಣವಿಲ್ಲ. ಇಲ್ಲದ ಕಲಮನ್ನು ನ್ಯಾಯಾಧೀಶರು ಬರೆಯಲಾರರು. ಆದರೆ ನೀತಿಯ ದೃಷ್ಟಿಯಿಂದ ಅದು ಎತ್ತಿದ ಪ್ರಶ್ನೆ ಗುರುತರವಾದುದು. ತೂಕದಲ್ಲಿ ಮೋಸ ಮಾಡಿದ ಅಡತಿಯ ಮೇಲೆ ದಾವೆ ಹೂಡಲು ರೈತನಿಗೆ ಮಾರ್ಗವುಂಟು; ಆಟದಲ್ಲಿ ಮೋಸಹೋದ ಪ್ರೇಕ್ಷಕನಿಗೆ ಅದಿಲ್ಲ. ಹಾಗಾದರೆ ಪ್ರೇಕ್ಷಕನ ವಿಶ್ವಾಸವನ್ನು ಕಾಯುವ ಹೊಣೆ ಸಂಪೂರ್ಣವಾಗಿ ಲೀಗಿನ ಮೇಲೆಯೇ ಬೀಳುತ್ತದೆ. ಆ ಹೊಣೆಯನ್ನು ಹೊತ್ತ ಬಗೆ ಎಂಥದು? 2019ರ ನಂತರ ಆ ಲೀಗು ನಡೆಯಲಿಲ್ಲ. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಿಂದ ಆರು ತಂಡಗಳ ಸ್ಪರ್ಧೆ ಆರಂಭವಾಯಿತು. ಆ ಆರರಲ್ಲಿ ವಿಜಯಪುರ ಇರಲಿಲ್ಲ. ಕಳಂಕ ತಟ್ಟಿದ ಫಲಕವನ್ನು ಕೆಳಗಿಳಿಸಿ ಹೊಸ ಫಲಕವನ್ನೇರಿಸುವುದು ವ್ಯಾಪಾರದಲ್ಲಿಯೂ ಉಂಟು. ಆದರೆ ಹಳೆಯ ಅಂಗಡಿಯ ಬಾಕಿಯ ಬಗ್ಗೆ ಗಿರಾಕಿಗಳು ಕೇಳಿಯೇ ಕೇಳುತ್ತಾರೆ. ಒಂದೂ ತಪ್ಪು ಮಾಡದೆ ಆ ಲೀಗಿನಲ್ಲಿ ಆಡಿ ಹೋದ ಹತ್ತಾರು ಸಣ್ಣ ಊರುಗಳ ಹುಡುಗರ ಹೆಸರಿಗೂ ಆ ಮಸಿ ಸ್ವಲ್ಪ ಹತ್ತಿತು. ಅವರ ಬಿಂಬವನ್ನು ತೊಳೆಯುವ ಕೆಲಸ ಯಾರ ಖಾತೆಯಲ್ಲಿಯೂ ಬರಲಿಲ್ಲ.

ಬಿಂಬಶುದ್ಧಿಯ ಉದ್ಯೋಗದಲ್ಲಿ ಜಗತ್ತಿಗೆ ಪಾಠ ಹೇಳಿಕೊಟ್ಟದ್ದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗು. 2004ರ ನವೆಂಬರ್ 19ರಂದು ಡೆಟ್ರಾಯಿಟ್ ಬಳಿಯ ಆಬರ್ನ್ ಹಿಲ್ಸ್‌ನಲ್ಲಿ ಇಂಡಿಯಾನಾ ಮತ್ತು ಡೆಟ್ರಾಯಿಟ್ ತಂಡಗಳ ಪಂದ್ಯದ ಕೊನೆಯಲ್ಲಿ ಆಟಗಾರರು ಪ್ರೇಕ್ಷಕರ ಸಾಲುಗಳಿಗೇ ನುಗ್ಗಿ ಹೊಡೆದಾಡಿದರು. ಲೀಗಿನ ಮುಖ್ಯಸ್ಥ ಡೇವಿಡ್ ಸ್ಟರ್ನ್ ಕಠಿಣ ನಿಷೇಧಗಳನ್ನು ವಿಧಿಸಿದರು. ಒಬ್ಬ ಆಟಗಾರನು ಋತುವಿನ ಉಳಿದ 86 ಪಂದ್ಯಗಳಿಂದ ಹೊರಗುಳಿದ. ಇಷ್ಟು ದಂಡನೆ, ಇದು ಯೋಗ್ಯವಾದದ್ದೇ. ಮರುವರ್ಷದ ಅಕ್ಟೋಬರಿನಲ್ಲಿ ಎರಡು ಸಂಗತಿಗಳು ಜೊತೆಜೊತೆಗೆ ಬಂದವು. ಒಂದು ಉಡುಪಿನ ನಿಯಮ: ಪಂದ್ಯಕ್ಕೆ ಬರುವಾಗ ಹೋಗುವಾಗ ಸಭ್ಯ ಉಡುಪು ಇರಬೇಕು, ಅಂಗಿಯ ಮೇಲೆ ಸರ ಪದಕಗಳು ತೂಗಬಾರದು. ಇನ್ನೊಂದು 'ಎನ್‌ಬಿಎ ಕೇರ್ಸ್' ಎಂಬ ಸಮಾಜಸೇವಾ ಕಾರ್ಯಕ್ರಮ. ಶಾಲೆಗಳಲ್ಲಿ ಪುಸ್ತಕ ಓದಿಸುವ, ಬಡವರಿಗೆ ಮನೆ ಕಟ್ಟುವ ಆ ಕಾರ್ಯಕ್ರಮದಿಂದ ಅನೇಕರಿಗೆ ಉಪಕಾರವಾದದ್ದು ನಿಜ. ಉಡುಪಿನ ನಿಯಮ ತಮ್ಮ ಜನಾಂಗದ ಯುವಕರ ವೇಷವನ್ನೇ ಅಪರಾಧದ ಗುರುತೆಂದು ಸಾರುತ್ತದೆಂದು ಕೆಲವು ಕಪ್ಪು ಆಟಗಾರರು ಆಕ್ಷೇಪಿಸಿದ್ದೂ ನಿಜ. ಹೊಡೆದಾಟ, ಉಡುಪು, ದಾನ ಈ ಮೂರನ್ನೂ ಒಂದೇ ಸರಕಿನ ಮೂರು ಮುಖಗಳೆಂದು ನೋಡುವ ಅಭ್ಯಾಸ ಅಲ್ಲಿಂದ ಲೀಗುಗಳಿಗೆ ಅಂಟಿಕೊಂಡಿತು.

ಇದಕ್ಕೆ ಭಿನ್ನವಾದ ಒಂದು ಬಗೆಯೂ ಉಂಟೆಂದು ತೋರಿಸಿದ್ದು ಕಬಡ್ಡಿ. 2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಆರಂಭವಾಗುವ ಮೊದಲು, ಬಸವನ ಬಾಗೇವಾಡಿಯ ಯಾವುದೇ ಹಳ್ಳಿಯ ತಂದೆ ತನ್ನ ಮಗ ಕಬಡ್ಡಿಯಲ್ಲಿ ಮುಂದುವರಿಯುತ್ತಾನೆಂದರೆ ಹುಡುಗ ಕೆಲಸಕ್ಕೆ ಬಾರದವನಾದನೆಂದೇ ತಿಳಿಯುತ್ತಿದ್ದ. ದೇಶಕ್ಕೆ ಪದಕ ತಂದವರೂ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ನೌಕರಿ ಹಿಡಿದು ಅನಾಮಿಕರಾಗಿ ಉಳಿಯುತ್ತಿದ್ದರು. ಆ ಲೀಗು ಈ ಆಟಗಾರರನ್ನು ದಾನಿಗಳನ್ನಾಗಿ ತೋರಿಸಲು ಹೊರಡಲಿಲ್ಲ. ದೀಪದ ಬೆಳಕಿನಲ್ಲಿ, ಹಸನಾದ ಚಾಪೆಯ ಮೇಲೆ, ಅವರ ಆಟವನ್ನು ಆಟವಾಗಿಯೇ ತೋರಿಸಿತು. ಅವರ ಹೆಸರು ಹೇಳಿತು, ಅವರ ಊರು ಹೇಳಿತು. ಮೊದಲ ವರ್ಷ ಅತಿ ಹೆಚ್ಚಿನ ಮೊತ್ತ ಪಡೆದ ರಾಕೇಶ್ ಕುಮಾರ್ ಅವರಿಗೆ ದೊರೆತದ್ದು 12.80 ಲಕ್ಷ ರೂಪಾಯಿ. 2019ರ ಜನವರಿ 5ರ ಅಂತಿಮ ಪಂದ್ಯದಲ್ಲಿ 22 ಅಂಕ ಗಳಿಸಿ ಬೆಂಗಳೂರು ಬುಲ್ಸ್ ತಂಡವನ್ನು ಗೆಲ್ಲಿಸಿದ ಪವನ್ ಸೆಹ್ರಾವತ್ 2023ರಲ್ಲಿ 2.60 ಕೋಟಿಯ ಆಟಗಾರರಾದರು. ಮನುಷ್ಯರನ್ನು ಕೊಳ್ಳುವುದಕ್ಕೆ ಲಿಲಾವು ಎಂಬ ದನದ ಸಂತೆಯ ಶಬ್ದವೇ ಬೇಕಿತ್ತೇ ಎಂಬ ಪ್ರಶ್ನೆ ಬೇರೆ; ಸಭ್ಯವಾದ ಇನ್ನೊಂದು ಮಾತು ಹುಡುಕಿದ್ದರೆ ಸಿಗುತ್ತಿತ್ತು. ಹಾಗಿದ್ದರೂ ಬಿಂಬವೃದ್ಧಿಯ ಈ ಮಾರ್ಗದಲ್ಲಿ ಸುಳ್ಳು ಕಡಿಮೆ. ತೊಗರಿಯ ಚೀಲದ ಮೇಲಿನ ಮುದ್ರೆಯನ್ನು ನೋಡಿ ಯಾವ ಅಡತಿಯೂ ದರ ಹೇಳುವುದಿಲ್ಲ. ಚೀಲಕ್ಕೆ ಚುಚ್ಚಿ, ಹಿಡಿ ಕಾಳು ತೆಗೆದು, ಅಂಗೈಯಲ್ಲಿ ಹರಡಿ ನೋಡುತ್ತಾನೆ. ಕಬಡ್ಡಿ ಲೀಗು ಜನರ ಅಂಗೈಗೆ ಕಾಳನ್ನೇ ಕೊಟ್ಟಿತು.

ಕಾಳು ಕೆಟ್ಟಿದ್ದಾಗ ಏನು ಮಾಡಬೇಕೆಂಬುದಕ್ಕೆ 2019ರ ಇನ್ನೊಂದು ಪ್ರಸಂಗ ಗಮನಾರ್ಹ. ಸುರತ್ಕಲ್ಲಿನಲ್ಲಿ ಬೆಳೆದು ಕರ್ನಾಟಕ ತಂಡದಿಂದ ಮೇಲೆ ಬಂದ ಕೆ.ಎಲ್. ರಾಹುಲ್ ಮತ್ತು ಅವರ ಸಹ ಆಟಗಾರ ಹಾರ್ದಿಕ್ ಪಾಂಡ್ಯ ಆ ವರ್ಷದ ಜನವರಿಯಲ್ಲಿ ದೂರದರ್ಶನದ ಒಂದು ಹರಟೆ ಕಾರ್ಯಕ್ರಮದಲ್ಲಿ ಪಾಲ್ಗೊಂಡಾಗ ಅಲ್ಲಿ ಸ್ತ್ರೀಯರ ಬಗ್ಗೆ ಬಂದ ಹಗುರವಾದ ಮಾತುಗಳು ದೇಶದಾದ್ಯಂತ ಅಸಮಾಧಾನವನ್ನು ಹುಟ್ಟಿಸಿದವು. ಇಬ್ಬರನ್ನೂ ಅಮಾನತುಗೊಳಿಸಿ ಆಸ್ಟ್ರೇಲಿಯಾ ಪ್ರವಾಸದಿಂದ ಹಿಂದಕ್ಕೆ ಕರೆಸಲಾಯಿತು. ಏಪ್ರಿಲಿನಲ್ಲಿ, ಐಪಿಎಲ್ ಲೀಗು ನಡೆಯುತ್ತಿದ್ದಾಗಲೇ, ಆ ಲೀಗಿನ ಒಡೆತನವುಳ್ಳ ಕ್ರಿಕೆಟ್ ಮಂಡಳಿಯ ಓಂಬುಡ್ಸ್‌ಮನ್, ನಿವೃತ್ತ ನ್ಯಾಯಮೂರ್ತಿ ಡಿ.ಕೆ. ಜೈನ್ ಅವರ ಆದೇಶ ಬಂದಿತು. ಒಬ್ಬೊಬ್ಬರೂ 20 ಲಕ್ಷ ರೂಪಾಯಿ ತೆರಬೇಕು: ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಗಳ ಹತ್ತು ಪೇದೆಗಳ ವಿಧವೆಯರಿಗೆ ತಲಾ 1 ಲಕ್ಷ, ಅಂಧರ ಕ್ರಿಕೆಟ್ ಸಂಸ್ಥೆಯ ನಿಧಿಗೆ 10 ಲಕ್ಷ. ನಾಲ್ಕು ವಾರಗಳಲ್ಲಿ ತೆರದಿದ್ದರೆ ಪಂದ್ಯದ ಸಂಭಾವನೆಯಿಂದ ಮುರಿದುಕೊಳ್ಳಬೇಕು.

ಈ ಆದೇಶದ ಗುಣ ಅದರ ಮೊತ್ತದಲ್ಲಿಲ್ಲ. ಹಣ ಅರ್ಹರಾದವರಿಗೆ ಹೋಯಿತು, ಆದರೆ ಅದನ್ನು ಯಾರೂ ದಾನವೆಂದು ಕರೆಯಲಿಲ್ಲ, ದಂಡವೆಂದೇ ಕರೆದರು. ಆಟಗಾರನು ಸ್ವಂತ ಗಂಟಿನಿಂದ ಕೊಟ್ಟ, ಕೊಟ್ಟದ್ದಕ್ಕೆ ಚಪ್ಪಾಳೆಯನ್ನು ಪಡೆಯಲಿಲ್ಲ. ಸ್ತ್ರೀಯರ ಗೌರವಕ್ಕೆ ಕುಂದು ತಂದ ಮಾತಿಗೆ ಅರ್ಧದಷ್ಟು ಹಣಕ್ಕೆ ಸ್ತ್ರೀಯರೇ ಫಲಾನುಭವಿಗಳಾದದ್ದು ಉಚಿತವೇ ಆಯಿತು. ಆಮೇಲೆ ರಾಹುಲ್ ಅವರ ಹೆಸರು ಕ್ರಮೇಣ ತಿಳಿಯಾಯಿತು. 2023ರಲ್ಲಿ ನೆರೆಯ ಬಾಗಲಕೋಟೆ ಜಿಲ್ಲೆಯ ಒಬ್ಬ ಬಡ ವಿದ್ಯಾರ್ಥಿ ಹುಬ್ಬಳ್ಳಿಯಲ್ಲಿ ಬಿ.ಕಾಂ. ಓದಲು ಅವರು ಶುಲ್ಕ ತುಂಬಿದ ಸುದ್ದಿ ಈ ಭಾಗದಲ್ಲಿ ಹರಡಿತು. ಅದು ಲೀಗಿನ ಪ್ರಚಾರ ವಿಭಾಗದಿಂದ ಹೊರಟ ಸುದ್ದಿಯಾಗಿರಲಿಲ್ಲ. ದಂಡ ದಂಡವಾಗಿ ಸಂದಾಯವಾದ ಮೇಲೆಯೇ ದಾನವನ್ನು ಜನ ದಾನವೆಂದು ನಂಬುತ್ತಾರೆ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕನ್ನಡಿಗರಿಗೆ ಅತಿ ಪ್ರಿಯವಾದ ತಂಡದ ಖಾತೆಯನ್ನು ತೆರೆಯಬೇಕು. ರಾಯಲ್ ಚಾಲೆಂಜರ್ಸ್ ತಂಡವನ್ನು 2008ರಲ್ಲಿ ಕೊಂಡವರು ಮದ್ಯದ ಉದ್ಯಮಿ. ತಂಡಕ್ಕೆ ಇಟ್ಟ ಹೆಸರೂ ಅವರ ಮದ್ಯದ ಒಂದು ಬ್ರಾಂಡಿನದು. ಜಾಹೀರಾತು ನಿಷಿದ್ಧವಾದ ಸರಕು ಹೀಗೆ ಮಕ್ಕಳ ಅಂಗಿಯ ಮೇಲೇರಿತು. ಅದರ ಪಕ್ಕದಲ್ಲಿಯೇ 2011ರಿಂದ ಒಂದು ಸತ್ಕಾರ್ಯವೂ ನಡೆದುಬಂದಿದೆ: ಬಹುತೇಕ ಪ್ರತಿ ಋತುವಿನಲ್ಲಿ ಒಂದು ಪಂದ್ಯವನ್ನು ಹಸಿರು ಅಂಗಿ ತೊಟ್ಟು ಆಡುವುದು, ಎದುರಾಳಿ ನಾಯಕನಿಗೆ ಸಸಿ ಕೊಡುವುದು. ಬೆಂಗಳೂರಿನ ಹೊರವಲಯದ ಕೆರೆಗಳ ಪುನಶ್ಚೇತನಕ್ಕೂ ತಂಡ ಹಣ ತೊಡಗಿಸಿತು. ಕೆರೆಯ ಹೂಳು ತೆಗೆದದ್ದು ಕಣ್ಣಿಗೆ ಕಾಣುವ ಕೆಲಸ, ಅದನ್ನು ಮೆಚ್ಚಲೇಬೇಕು. ಹಸಿರು ಅಂಗಿಯಾದರೋ ಅಂಗಡಿಗಳಲ್ಲಿ ಮಾರಾಟಕ್ಕೂ ಬಂದಿತು.

2025ರ ಜೂನ್ 3ರಂದು ಈ ತಂಡ ಹದಿನೆಂಟನೆಯ ಪ್ರಯತ್ನದಲ್ಲಿ ಮೊದಲ ಬಾರಿ ಪ್ರಶಸ್ತಿ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಬಹುತೇಕರು ಎಳೆಯರು. ಅಗತ್ಯವಾದ ಅನುಮತಿ ಪಡೆಯದೆಯೇ ತಂಡ ಸಾಮಾಜಿಕ ಜಾಲತಾಣಗಳಲ್ಲಿ ಜನರನ್ನು ವಿಜಯೋತ್ಸವಕ್ಕೆ ಆಹ್ವಾನಿಸಿತೆಂದು ರಾಜ್ಯ ಸರ್ಕಾರ ಉಚ್ಚ ನ್ಯಾಯಾಲಯಕ್ಕೆ ವರದಿ ಸಲ್ಲಿಸಿತು. ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗವು ತಂಡ, ರಾಜ್ಯ ಕ್ರಿಕೆಟ್ ಸಂಸ್ಥೆ, ಕಾರ್ಯಕ್ರಮದ ವ್ಯವಸ್ಥಾಪಕರು, ಪೊಲೀಸರು ಇವರೆಲ್ಲರ ಮೇಲೂ ಹೊಣೆ ಹೊರಿಸಿತು. ಹೊರಗೆ ಸಾವು ಸಂಭವಿಸಿದ ಹೊತ್ತಿನಲ್ಲಿ ಒಳಗೆ ಸಮಾರಂಭ ನಡೆದಿತ್ತು. ವಿಷಯ ತಿಳಿದೊಡನೆ ಅದನ್ನು ಮೊಟಕುಗೊಳಿಸಿದೆವೆಂದು ತಂಡ ಹೇಳಿತು. ಹೊಣೆಯ ಪಾಲು ಹಂಚುವುದು ನ್ಯಾಯಾಲಯಗಳ ಕೆಲಸ. ವಿಮರ್ಶೆಗೆ ಸಂಬಂಧಿಸಿದ್ದು ಆಮೇಲಿನ ನಡೆ. ಮರುದಿನವೇ ಪ್ರತಿ ಕುಟುಂಬಕ್ಕೆ 10 ಲಕ್ಷ ಘೋಷಣೆಯಾಯಿತು. ಅದರೊಡನೆ ಗಾಯಾಳುಗಳಿಗಾಗಿ ಒಂದು ನಿಧಿ. ಸುಮಾರು ಮೂರು ತಿಂಗಳ ಮೌನದ ನಂತರ ಆಗಸ್ಟ್ ಕೊನೆಯಲ್ಲಿ ಒಂದು ಪತ್ರ, ಅದರ ಬೆನ್ನಿಗೆ ಪ್ರತಿ ಕುಟುಂಬಕ್ಕೆ 25 ಲಕ್ಷ. ನಿಧಿಗೆ ಇಟ್ಟ ಹೆಸರು 'ಆರ್‌ಸಿಬಿ ಕೇರ್ಸ್'.

ಮೊತ್ತದ ಬಗ್ಗೆ ಕುಚೋದ್ಯ ಸಲ್ಲದು. ಹಣ ಆ ಮನೆಗಳನ್ನು ಮುಟ್ಟುವುದು ಅಗತ್ಯವಾಗಿತ್ತು. ಹೆಸರಿನ ಬಗ್ಗೆ ಮಾತ್ರ ಕಠಿಣವಾಗಿ ಕೇಳಲೇಬೇಕು. ಒಬ್ಬ ವರ್ತಕನ ಲಾರಿ ದಾರಿಹೋಕನ ಮೇಲೆ ಹರಿದರೆ, ಆ ವರ್ತಕನು ಮೃತನ ಮನೆಗೆ ಕೊಟ್ಟ ಹಣವನ್ನು ಧರ್ಮಾದಾಯದ ಖಾತೆಯಲ್ಲಿ ಬರೆಯುತ್ತಾನೆಯೇ? ಬರೆದರೆ ಅವನ ಗುಮಾಸ್ತನೇ ನಗುತ್ತಾನೆ. ತೀರಿಸಬೇಕಾದ ಋಣವನ್ನು ಕರುಣೆಯ ಹೆಸರಿನಲ್ಲಿ ಕೊಟ್ಟಾಗ ಪಡೆದವನು ಹಕ್ಕುದಾರನಾಗಿ ಉಳಿಯದೆ ಉಪಕೃತನಾಗಿಬಿಡುತ್ತಾನೆ. ಮಗನನ್ನು ಕಳೆದುಕೊಂಡ ತಾಯಿಯನ್ನು ಕೃತಜ್ಞಳನ್ನಾಗಿಸುವ ಈ ಖಾತೆಬದಲಾವಣೆ ಚಿಕ್ಕ ತಪ್ಪಲ್ಲ. ಹೊಳಪುಗೊಳ್ಳುವುದು ತಂಡದ ಮುಖ. ಜೊತೆಗೆ ಆ ದಿನ ವೇದಿಕೆಯ ಮೇಲೆ ನಿಂತಿದ್ದ, ಬಹುಶಃ ಏನನ್ನೂ ಅರಿಯದಿದ್ದ ಆಟಗಾರರ ಮುಖ. ಆ ಆಟಗಾರರಿಗೂ ಇದು ಉಪಕಾರವಲ್ಲ. ದುಃಖಿಸುವ, ಕ್ಷಮೆ ಕೇಳುವ ಸಹಜ ಅವಕಾಶವನ್ನು ಪ್ರಚಾರ ವಿಭಾಗ ಅವರಿಂದ ಕಿತ್ತುಕೊಂಡಿತು.

ಲೀಗಿನ ಪುಸ್ತಕದಲ್ಲಿ ಬಲಗಡೆಯ ಪುಟ ಇನ್ನೊಂದಿದೆ, ಅದನ್ನು ಯಾರೂ ಓದಿ ಹೇಳುವುದಿಲ್ಲ. ಬೆಳಗಿದ ಬಿಂಬವನ್ನು ಲೀಗು ಇಟ್ಟುಕೊಳ್ಳುವುದಿಲ್ಲ, ಮಾರುತ್ತದೆ. ಪಣದ ಆಟಗಳ ಆ್ಯಪುಗಳು ವರ್ಷಗಟ್ಟಲೆ ಈ ಲೀಗುಗಳ ಪ್ರಾಯೋಜಕರಾಗಿದ್ದವು. 2020ರ ಐಪಿಎಲ್ಲಿಗೆ ಡ್ರೀಮ್ 11 ಎಂಬ ಆ್ಯಪಿನ ಹೆಸರೇ ಶಿರೋನಾಮವಾಗಿತ್ತು. ಜನರು ಅಣ್ಣತಮ್ಮಂದಿರಂತೆ ಪ್ರೀತಿಸುವ ಆಟಗಾರರು ತಂಡ ಕಟ್ಟಿ ಹಣ ಹೂಡಿರೆಂದು ಹೇಳಿದರು. ಚಟವಾಗಬಹುದು, ನಷ್ಟವಾಗಬಹುದು ಎಂಬ ಎಚ್ಚರಿಕೆ ಕಿವಿಗೆ ನಿಲ್ಲದ ವೇಗದಲ್ಲಿ ಕೊನೆಯಲ್ಲಿ ಹಾದುಹೋಯಿತು. ಕರ್ನಾಟಕ ಸರ್ಕಾರ 2021ರಲ್ಲಿ ತಂದ ನಿಷೇಧವನ್ನು ಉಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ಅಸಾಂವಿಧಾನಿಕವೆಂದಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆಟಗಳನ್ನು ನಿಷೇಧಿಸುವ ಶಾಸನ ಮಾಡಿದ ಮೇಲೆ ಆ ಜಾಹೀರಾತುಗಳು ನಿಂತವು. ನಿಲ್ಲಿಸಿದ್ದು ಕಾನೂನು, ಲೀಗುಗಳು ತಾವಾಗಿ ನಿಲ್ಲಿಸಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಚೆಂಡು ಹಂಚುವ ಕೈ, ಅದೇ ಮಕ್ಕಳ ಅಣ್ಣಂದಿರಿಗೆ ಪಣದ ದಾರಿ ತೋರಿಸುತ್ತಿದ್ದರೆ, ಜಮಾ ಎಷ್ಟು ಖರ್ಚು ಎಷ್ಟು ಎಂದು ಕೂಡಿ ಕಳೆಯಬೇಕಾದವರು ಯಾರು? ಒಂದು ಸತ್ಕಾರ್ಯಕ್ಕೆ ಕೊಟ್ಟದ್ದೆಷ್ಟು, ಆ ಸತ್ಕಾರ್ಯವನ್ನು ಚಿತ್ರಿಸಿ ಪ್ರಸಾರ ಮಾಡಲು ಕೊಟ್ಟದ್ದೆಷ್ಟು ಎಂಬ ಎರಡು ಅಂಕೆಗಳನ್ನು ಲೀಗುಗಳು ಅಕ್ಕಪಕ್ಕದಲ್ಲಿ ಪ್ರಕಟಿಸಲಿ. ಅದಕ್ಕೆ ಹೊಸ ಕಾಯಿದೆ ಬೇಕಿಲ್ಲ, ಒಬ್ಬ ಪ್ರಾಮಾಣಿಕ ಲೆಕ್ಕಿಗ ಸಾಕು.

ವಿಜಯಪುರದವರೇ ಆದ ರಾಜೇಶ್ವರಿ ಗಾಯಕವಾಡ ಅವರ ವೃತ್ತಾಂತ ಈ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ. 2017ರ ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡಿನ ವಿರುದ್ಧ 15 ಓಟಗಳಿಗೆ 5 ವಿಕೆಟ್ ಪಡೆದು ಅವರು ಭಾರತವನ್ನು ವಿಶ್ವಕಪ್ಪಿನ ಉಪಾಂತ್ಯಕ್ಕೆ ತಲುಪಿಸಿದರು. ಆಗ ಮಹಿಳೆಯರಿಗೆ ಲೀಗು ಇರಲಿಲ್ಲ, ಪ್ರಚಾರ ವಿಭಾಗವೂ ಇರಲಿಲ್ಲ. ತಂದೆಯನ್ನು ಕೆಲವೇ ವರ್ಷಗಳ ಹಿಂದೆ ಕಳೆದುಕೊಂಡಿದ್ದ ಮನೆಯ ಭಾರ ಅವರ ಮೇಲಿತ್ತು. ಊರಿಗೆ ಮರಳಿದಾಗ ಸಚಿವರು ಸುಮಾರು 5 ಲಕ್ಷ ರೂಪಾಯಿ ಬೆಲೆಯ ಕಾರನ್ನು ಉಡುಗೊರೆಯಾಗಿ ಕೊಡಮುಂದಾದರು. ಕಾರಿನ ಕೀಲಿಕೈ ಹಿಡಿದ ಕ್ರೀಡಾಪಟುವಿನ ಚಿತ್ರದಷ್ಟು ಅಂದವಾದದ್ದು ಪತ್ರಿಕೆಗಳಿಗೆ ಬೇರೊಂದಿಲ್ಲ. ರಾಜೇಶ್ವರಿ ಅದನ್ನು ಒಲ್ಲೆನೆಂದರು. ಸದ್ಯಕ್ಕೆ ತಮ್ಮ ಕುಟುಂಬಕ್ಕೆ ಬೇಕಾಗಿರುವುದು ಕಾರಲ್ಲ, ಇರಲು ಒಂದು ಮನೆ ಎಂದರು. ಮಹಿಳೆಯರ ಪ್ರೀಮಿಯರ್ ಲೀಗ್ 2023ರಲ್ಲಿ ಆರಂಭವಾದಾಗ ಯು.ಪಿ. ವಾರಿಯರ್ಸ್ ತಂಡ ಅವರನ್ನು 40 ಲಕ್ಷ ರೂಪಾಯಿಗೆ ಆರಿಸಿಕೊಂಡಿತು. ಅಷ್ಟು ಹೊತ್ತಿಗೆ ಅವರ ಹೆಸರು ಬಿಜಾಪುರದ ಗಲ್ಲಿಗಲ್ಲಿಗಳಲ್ಲಿ ಆರು ವರ್ಷ ಹಳೆಯದಾಗಿತ್ತು.